ಹುಲ್ಲು ಕುಯ್ಯುವ ಗಾಡಿ ಬಂದ ವರ್ಷ

ಹೋದ ತಿಂಗಳು ಪಾಂಡವಪುರದ ಹತ್ತಿರ ಒಂದು ಬೀಗರೂಟಕ್ಕೆ ಹೋಗಿದ್ದೆ. ನನ್ನ ತವರಿನ ಕಡೆಯ ನೆಂಟರು. ಹೋದರೆ ಸರಿಯಾಗಿ ಮಾತಾಡಿಸುವುದಿಲ್ಲ, ಹೋಗದಿದ್ದರೆ ವರ್ಷವಿಡೀ ಆಡಿಕೊಳ್ಳುತ್ತಾರೆ. ಊರಾಚೆ ಹೊಸದಾಗಿ ಕಟ್ಟಿದ ಮಂಟಪ, ಸುತ್ತ ಹುಲ್ಲುಹಾಸು, ಅದರ ಅಂಚಿಗೆ ಶಾಮಿಯಾನ ಹಾಕಿ ಟೇಬಲ್ಲು ಸಾಲಾಗಿ ಇಟ್ಟಿದ್ದರು. ಮುದ್ದೆ ಮುರಿದು ಸಾರಿಗೆ ಅದ್ದಿದ್ದೆ ಅಷ್ಟೆ, ಗಾಳಿ ಈ ಕಡೆ ತಿರುಗಿತು. ಆಗತಾನೆ ಕುಯ್ದ ಹುಲ್ಲಿನ ವಾಸನೆ, ಅದರೊಳಗೆ ಬೆರೆತ ಡೀಸೆಲ್ ಹೊಗೆ. ಮಂಟಪದ ಹಿಂದೆ ಯಾರೋ ಗಾಡಿ ಓಡಿಸುತ್ತಿದ್ದರು. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮ ಚಿಕ್ಕಮ್ಮ, “ಯಾಕವ್ವ, ಉಪ್ಪು ಜಾಸ್ತಿ ಆಗದಾ?” ಅಂದರು. ಹೂಂ ಅಂದೆ. ಅಡುಗೆಯವರ ಮೇಲೆ ಸುಳ್ಳು ಹೇಳಿ ಎದ್ದು ಕೈ ತೊಳೆದುಕೊಂಡೆ.

ನಾವು ಲಾನು ಬೆಳೆಯುವುದನ್ನು ಬಿಟ್ಟು ಕೆಲವು ವರ್ಷವಾಯಿತು. ಅರಕೆರೆಯ ನಮ್ಮ ಗದ್ದೆಗಳಲ್ಲಿ ಈಗ ಮತ್ತೆ ಭತ್ತ ನಿಂತಿದೆ. ಆ ವಾಸನೆ ನಮ್ಮ ಬಾಗಿಲಿಗೆ ಬರುವುದು ನಿಂತುಹೋದ ಮೇಲೆ ಆ ವರ್ಷವೂ ನನ್ನ ತಲೆಯಿಂದ ಹೋಯಿತು ಅಂದುಕೊಂಡಿದ್ದೆ. ಹೋಗಿರಲಿಲ್ಲ. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತವಳಿಗೆ ಶ್ರೀರಂಗಪಟ್ಟಣ ಬಂದಿದ್ದೂ ಗೊತ್ತಾಗಲಿಲ್ಲ. ಕಂಡಕ್ಟರೇ ಕೂಗಿ ಇಳಿಸಿದ.

ನಾನು ಹೊಸಹೊಳಲಿನವಳು. ಅರಕೆರೆಗೆ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಭತ್ತ ಮತ್ತು ಕಬ್ಬು ಬಿಟ್ಟರೆ ಬೇರೆ ಬೆಳೆಯ ಮಾತೇ ಇರಲಿಲ್ಲ. ಹುಲ್ಲು ಬೆಳೆಯುವ ಯೋಚನೆ ನಮ್ಮನೆಯವರದು. ಮೈಸೂರು ರಸ್ತೆಯುದ್ದಕ್ಕೂ ಬಡಾವಣೆ, ಮಂಟಪ, ರೆಸಾರ್ಟು ಏಳುತ್ತಿದ್ದ ಕಾಲ. ಎಲ್ಲರಿಗೂ ಅಂಗಳದಲ್ಲಿ ಹಸಿರು ಬೇಕು, ಅದೂ ಒಂದೇ ದಿನಕ್ಕೆ ಬೇಕು. ಗದ್ದೆಯಲ್ಲಿ ಹುಲ್ಲು ದಟ್ಟವಾಗಿ ಬೆಳೆಸಿ, ಚಾಪೆಯ ಹಾಗೆ ಬೇರುಸಮೇತ ಎಬ್ಬಿಸಿ, ಸುತ್ತಿ ಲಾರಿಗೆ ಹಾಕುವುದು ನಮ್ಮ ಕೆಲಸ. ಊರಿನವರು ನಗಾಡಿದರು. “ಜನ ಗದ್ದೇಲಿ ಕಳೆ ಕೀಳ್ತಾರೆ, ಬೋರೇಗೌಡ ಕಳೆನೇ ಬಿತ್ತವ್ನೆ” ಅಂತ ಚಾ ಅಂಗಡಿಯಲ್ಲಿ ಮಾತಾಯಿತು. ನಮ್ಮನೆಯವರು ಅದೇ ಅಂಗಡಿಯಲ್ಲಿ ಕೂತು, ಅದೇ ಚಾ ಕುಡಿದು, “ಊಂ ಕಣ್ರಲಾ, ಕಳೆನೇ. ದನ ಬುಟ್ಟೀರಾ ಜೋಕೆ” ಅಂತ ಎದ್ದು ಬಂದಿದ್ದರು.

ಅವರು ಟ್ರಾಕ್ಟರಿನ ಮನುಷ್ಯ. ಕೈಕಾಲು ಬಲಿಯುವ ಮೊದಲೇ ಟ್ರಾಕ್ಟರು ಹತ್ತಿದವರು. ಮದುವೆಯಾದ ಹೊಸದರಲ್ಲಿ ನನ್ನನ್ನು ಅದರ ಮಡ್ಗಾರ್ಡಿನ ಮೇಲೆ ಕೂರಿಸಿಕೊಂಡು ಗದ್ದೆ ಸುತ್ತಿಸಿದ್ದರು. ಅತ್ತೆ ಬೈದಿದ್ದಕ್ಕೆ, ಹೊಸ ಹೆಣ್ಣಿಗೆ ಎಲ್ಲೆ ತೋರಿಸಬೇಡವಾ ಅಂದಿದ್ದರು. ಅಂಥವರಿಗೆ ಸಕ್ಕರೆ ಕಾಯಿಲೆ ಬಂತು. ಬಂದಿದ್ದು ಎಷ್ಟೋ ವರ್ಷ ಯಾರಿಗೂ ತಿಳಿಯಲಿಲ್ಲ. ಒಂದು ಸಾರಿ ಕಬ್ಬು ಕಡಿದ ಹೊಲದಲ್ಲಿ ಕೂಳೆ ಎಡಗಾಲಿಗೆ ಚುಚ್ಚಿತು, ಚುಚ್ಚಿದ್ದೂ ಅವರಿಗೆ ತಿಳಿಯಲಿಲ್ಲ. ಕಾಲು ಕಪ್ಪಗಾಗಿ ವಾಸನೆ ಬಂದ ಮೇಲೆ ಮೈಸೂರಿಗೆ ಹೋದೆವು. ಮಂಡಿಯ ಕೆಳಗೆ ತೆಗೆದರು.

ಆಗ ನಮ್ಮನ್ನು ನೋಡಿಕೊಂಡ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ ಮಾತು ಇಷ್ಟು: ಬಲಗಾಲಿನಲ್ಲೂ ಸ್ಪರ್ಶ ಹೋಗಿದೆ, ಬಿಸಿ ತಣ್ಣಗೆ ತಿಳಿಯುವುದಿಲ್ಲ, ಅದನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ, ನೆಲಕ್ಕೆ ಬರಿಗಾಲು ಇಡಬೇಡಿ, ಮನೆಯೊಳಗೂ ಇಡಬೇಡಿ. ನಮ್ಮನೆಯವರು ಹಟಮಾರಿ, ಕೇಳುವವರಲ್ಲ ಅಂತ ನನಗೆ ಭಯ. ಆದರೆ ಅವರು ಕೇಳಿದರು. ಮೆತ್ತನೆಯ ಚಪ್ಪಲಿ ಎರಡು ಜೊತೆ ತಂದೆವು, ಹೊರಗೊಂದು, ಒಳಗೊಂದು. ಬಚ್ಚಲಿಗೂ ಹಾಕಿಕೊಂಡೇ ಹೋದರು. ಚಪ್ಪಲಿ ಬಿಡಬೇಕಾಗುತ್ತದೆ ಅಂತ ದೇವರ ಮನೆಗೆ ಹೋಗುವುದನ್ನೇ ನಿಲ್ಲಿಸಿ, ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಕೈ ಮುಗಿದರು. “ಒಂದು ಕಾಲಿದ್ರೆ ಕುಂಟ ಅಂತಾರೆ, ಅನ್ಲಿ. ಎಲ್ಡೂ ಓದ್ರೆ ಮೂಟೆ ಕಣಮ್ಮಿ. ನನ್ನ ಯಾರೂ ಎತ್ಕಂಡು ಓಡಾಡ್ಬಾರ್ದು” ಅಂದರು. ಅವರಿಗಿದ್ದ ಭಯ ಅದೊಂದೇ. ಸಾವಿನ ಮಾತನ್ನು ಯಾವತ್ತೂ ಆಡಿದವರಲ್ಲ.

ಕೃತಕ ಕಾಲು ಹಾಕಿಕೊಂಡು ನಡೆಯುವುದು ಕಲಿತರು, ಟ್ರಾಕ್ಟರು ಓಡಿಸುವುದಕ್ಕೆ ಆಗಲಿಲ್ಲ. ಕ್ಲಚ್ ತುಳಿಯಬೇಕಾದ್ದು ಎಡಗಾಲು. ಅದು ಎಲ್ಲಿ ತುಳಿಯುತ್ತಿದೆ ಅಂತ ಬಗ್ಗಿ ನೋಡಿಕೊಂಡು ತುಳಿಯಬೇಕು, ಅಷ್ಟರಲ್ಲಿ ಗಾಡಿ ಬದುವಿಗೆ ಹತ್ತಿರುತ್ತಿತ್ತು. ಒಂದು ದಿನ ಕೀಲಿ ತಂದು ನನ್ನ ಕೈಗೆ ಕೊಟ್ಟು, ಮಾರಿಬಿಡು ಅಂದರು. ಅವತ್ತು ನನಗೆ ಆದ ಸಂಕಟ ಕಾಲು ತೆಗೆದ ದಿನವೂ ಆಗಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಅವರು ಜಗಲಿಯ ಮೇಲೆ ಕೂತು ರಸ್ತೆಯಲ್ಲಿ ಹೋಗುವ ಟ್ರಾಕ್ಟರುಗಳ ಸದ್ದು ಕೇಳಿ, ಇದು ಇಂಥವರದು, ಇದರ ಸೈಲೆನ್ಸರ್ ಒಡೆದಿದೆ ಅಂತ ಹೇಳುವುದೇ ಕೆಲಸವಾಯಿತು. ಲಾನು ಕುಯ್ಯಲು ಇದ್ದ ತಳ್ಳುವ ಮಿಷನ್ನಿಗೆ ಆಳು ಸಿಗುತ್ತಿರಲಿಲ್ಲ. ಸಿಕ್ಕವನು ಎರಡು ದಿನ ಬಂದು ಮೂರನೇ ದಿನ ಬೆನ್ನುನೋವು ಅನ್ನುತ್ತಿದ್ದ.

ಆ ವರ್ಷ ಮಳೆಗಾಲದ ಕೊನೆಗೆ, ಮೈಸೂರಿಗೆ ತಪಾಸಣೆಗೆ ಹೋದಾಗ, ಒಂದು ದೊಡ್ಡ ಮಂಟಪದ ಮುಂದೆ ಆಟೋ ನಿಲ್ಲಿಸಿ ಅಂದರು. ಒಳಗೆ ಒಬ್ಬ ಹುಲ್ಲು ಕುಯ್ಯುತ್ತಿದ್ದ. ಸ್ಟೇರಿಂಗ್ ಇಲ್ಲದ ಗಾಡಿ. ಕುರ್ಚಿಯ ಎರಡೂ ಕಡೆಯಿಂದ ಬಾಗಿ ತೊಡೆಯ ಮೇಲೆ ಬರುವ ಎರಡು ಲಿವರ್. ಎರಡನ್ನೂ ಮುಂದೆ ತಳ್ಳಿದರೆ ಮುಂದೆ, ಎಳೆದರೆ ಹಿಂದೆ, ಒಂದನ್ನು ತಳ್ಳಿ ಇನ್ನೊಂದನ್ನು ಎಳೆದರೆ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಹೊಟ್ಟೆಯ ಕೆಳಗೆ ದೊಡ್ಡ ಬ್ಲೇಡು, ಬೆನ್ನ ಹಿಂದೆ ಡೀಸೆಲ್ ಎಂಜಿನ್ನು. ನಮ್ಮನೆಯವರು ಗೇಟಿನ ಕಂಬಿ ಹಿಡಿದು ನೋಡುತ್ತಲೇ ಇದ್ದರು. ಆಟೋದವನು ಹಾರ್ನ್ ಹೊಡೆದ, ನಾನು ತೋಳು ಹಿಡಿದು ಎಳೆದೆ. ತಿರುಗಿದರು. ಕಣ್ಣಲ್ಲಿ ನೀರಿತ್ತು.

“ಕಾಲ್ಗೆ ಕೆಲ್ಸನೇ ಇಲ್ಲ ಕಣಮ್ಮಿ ಅದ್ರಲ್ಲಿ” ಅಂದರು.

ಟ್ರಾಕ್ಟರು ಮಾರಿದ ದುಡ್ಡು ಹಾಗೇ ಇತ್ತು, ಅದು ಇದಕ್ಕೇ ಹೋಯಿತು. ಹೊಸ ಗಾಡಿ ಆಯುಧಪೂಜೆಯ ಹಿಂದಿನ ದಿನ ಲಾರಿಯಲ್ಲಿ ಬಂತು. ಊರಿನ ಅರ್ಧ ಜನ ಬಂದು ನೋಡಿದರು. ಪೂಜೆಯ ದಿನ ಅದನ್ನು ಅಂಗಳದಲ್ಲಿ ನಿಲ್ಲಿಸಿ, ವಿಭೂತಿ ಬಳಿದು, ಲಿವರುಗಳಿಗೆ ಚೆಂಡುಹೂವು ಕಟ್ಟಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳಕಾಯಿ ಒಡೆದೆವು. ಓಡಿಸುವುದು ಹೇಳಿಕೊಡಲು ಬಂದಿದ್ದ ಕಂಪನಿಯ ಮನುಷ್ಯ ತನ್ನ ಬೂಟು ಬಿಚ್ಚಿ ರಂಗೋಲಿಯ ಆಚೆ ಇಟ್ಟೇ ಹತ್ತಿದ. ಅವನು ಇಳಿದ ಮೇಲೆ ನಮ್ಮನೆಯವರ ಸರದಿ. ಅವರು ಬಲಗಾಲಿನ ಚಪ್ಪಲಿ ಬಿಟ್ಟರು, ಕೃತಕ ಕಾಲಿನ ಚಪ್ಪಲಿಯನ್ನೂ ಬಗ್ಗಿ ಬಿಚ್ಚಿಟ್ಟರು. ಗಾಡಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿದರು. ಟ್ರಾಕ್ಟರಿಗೂ ಹಾಗೇ ಹತ್ತುತ್ತಿದ್ದವರು. ಅನ್ನ ಕೊಡುವ ಗಾಡಿಯನ್ನು ಚಪ್ಪಲಿಯಲ್ಲಿ ತುಳಿಯುವುದು ನಮ್ಮ ಕಡೆ ಯಾರಿಗೂ ಆಗದ ಕೆಲಸ.

ನಾನು ಸುಮ್ಮನಿರಲಿಲ್ಲ. ಮಾರನೇ ದಿನವೇ ಕೇಳಿದೆ, ಡಾಕ್ಟರಮ್ಮ ಹೇಳಿದ್ದು ಏನಾಯಿತು ಅಂತ. ಅವರು ನಕ್ಕರು. “ನೆಲುಕ್ಕೆ ಬರಿಗಾಲು ಇಡ್ಬೇಡಿ ಅಂದವ್ರೆ. ಇದು ನೆಲನಾ? ಮೇಲೆ ಕುಂತಿರ್ತೀನಿ, ಕಾಲು ರಬ್ಬರ್ ಮೇಲಿರ್ತದೆ. ಮುಳ್ಳಿಲ್ಲ, ಕಲ್ಲಿಲ್ಲ. ಮನೆ ಒಳ್ಗಿಂತ ವಾಸಿ.” ಕಾಲಿಡುವ ತಗಡಿನ ಮೇಲೆ ದಪ್ಪ ರಬ್ಬರ್ ಹಾಸಿತ್ತು, ನಿಜ. ನನಗೂ ಸರಿ ಅನ್ನಿಸಿತು. ದೇವರ ಮನೆಯನ್ನೇ ಬಿಟ್ಟ ಮನುಷ್ಯ, ಇದೊಂದನ್ನಾದರೂ ಇಟ್ಟುಕೊಳ್ಳಲಿ ಬಿಡು ಅಂತಲೂ ಅನ್ನಿಸಿತು.

ಆ ಚಳಿಗಾಲದಷ್ಟು ಒಳ್ಳೆಯ ಚಳಿಗಾಲವನ್ನು ನಾನು ಕಂಡಿಲ್ಲ. ಬೆಳಿಗ್ಗೆ ಇಬ್ಬನಿ ಆರುವುದನ್ನೇ ಕಾದುಕೊಂಡು ಗಾಡಿ ಹತ್ತುತ್ತಿದ್ದರು. ಮೊದಮೊದಲು ಅದು ಅವರ ಮಾತು ಕೇಳಲಿಲ್ಲ. ಕೈ ಸ್ವಲ್ಪ ಅಲುಗಿದರೆ ಹಾವಿನ ಹಾಗೆ ಓಡುತ್ತಿತ್ತು. ನಿಂತಲ್ಲೇ ತಿರುಗಿಸಲು ಹೋಗಿ ಹುಲ್ಲನ್ನು ಬೇರುಸಮೇತ ಕಿತ್ತು ಗುಂಡಿ ಮಾಡಿದರು. ನಾಲೆಯ ಏರಿಯ ಮಗ್ಗುಲಲ್ಲಿ ಇಳಿಜಾರಿಗೆ ಹೋದಾಗ ಗಾಡಿ ಪಕ್ಕಕ್ಕೆ ಜಾರಿ ನನ್ನ ಜೀವ ಬಾಯಿಗೆ ಬಂತು. ಅದಾದ ಮೇಲೆ ಆ ಕಡೆಗೆ ಹೋಗುವುದನ್ನು ನಿಲ್ಲಿಸಿದರು. ತಿಂಗಳೊಪ್ಪತ್ತಿನಲ್ಲಿ ಕೈ ಹದಕ್ಕೆ ಬಂತು. ಗೆರೆ ಹೊಡೆದ ಹಾಗೆ ಹೋಗಿ ಗೆರೆ ಹೊಡೆದ ಹಾಗೆ ಬರುತ್ತಿದ್ದರು. ಗದ್ದೆಯಲ್ಲಿ ತಿಳಿಹಸಿರು ಒಂದು ಪಟ್ಟೆ, ಕಡುಹಸಿರು ಒಂದು ಪಟ್ಟೆ. ನಗಾಡಿದವರೇ ಏರಿಯ ಮೇಲೆ ಬೈಕು ನಿಲ್ಲಿಸಿ ಫೋಟೋ ತೆಗೆದುಕೊಂಡರು.

ನಮ್ಮ ಸೀಮೆಯಲ್ಲಿ ಅಂಥ ಗಾಡಿ ಕೊಂಡಿದ್ದ ಇನ್ನೊಬ್ಬ ನಾಗಮಂಗಲ ಕಡೆಯ ಕೆಂಪರಾಜು. ಅವನದು ಒಂದು ಮಂಟಪದ ಲಾನು ನೋಡಿಕೊಳ್ಳುವ ಕೆಲಸ. ಕಂಪನಿಯವರ ಮೂಲಕ ಇಬ್ಬರಿಗೂ ಪರಿಚಯವಾಗಿ, ಒಬ್ಬರ ಮುಖ ಒಬ್ಬರು ನೋಡುವ ಮೊದಲೇ ಅಣ್ಣತಮ್ಮಂದಿರಾದರು. ದಿನಾ ಫೋನು. ನಮ್ಮನೆಯವರಿಗೆ ಫೋನನ್ನು ಕಿವಿಗೆ ಹಿಡಿಯುವ ಅಭ್ಯಾಸವಿಲ್ಲ, ಸ್ಪೀಕರ್ ಹಾಕಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು, ಹಾಗಾಗಿ ನನಗೂ ಪಾಠವಾಯಿತು. ರೇಡಿಯೇಟರ್ ಜಾಲರಿಗೆ ಹುಲ್ಲಿನ ಧೂಳು ಕಟ್ಟಿಕೊಂಡರೆ ಎಂಜಿನ್ನು ಕಾಯುತ್ತದೆ, ಆಗಾಗ ಬ್ರಶ್ಶಿನಲ್ಲಿ ಗುಡಿಸಬೇಕು. ಹುಲ್ಲು ಒದ್ದೆ ಇದ್ದರೆ ಬ್ಲೇಡಿನ ಕೆಳಗೆ ಮುದ್ದೆ ಕಟ್ಟುತ್ತದೆ. “ಸೀಟು ಬುಟ್ಟು ಎದ್ರೆ ಎಂಜಿನ್ನು ಆಫ್ ಆಯ್ತದಲ್ಲಣ್ಣ, ನೀನು ಆ ಸುಚ್ಚು ಕಿತ್ತಾಕ್ಬುಟ್ಟಾ?” ಅಂತ ಅವನು ಕೇಳಿದರೆ ಇವರು, “ನಾನ್ಯಾಕ್ ಎದ್ದೇನ್ಲಾ? ಎದ್ದು ಎಲ್ಲಿಗ್ ಓಗ್ಲಿ?” ಅನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದರು.

ಸಂಜೆಯ ಕೆಲಸ ನನ್ನದು. ದೀಪ ಹಚ್ಚಿ ಆದ ಮೇಲೆ ಬೇಸಿನ್ನಿಗೆ ಉಗುರುಬೆಚ್ಚಗಿನ ನೀರು ಹಾಕಿ, ನನ್ನ ಮೊಣಕೈ ಅದ್ದಿ ನೋಡಿ, ಅವರ ಬಲಗಾಲನ್ನು ತೊಳೆಯುತ್ತಿದ್ದೆ. ಬೆರಳ ಸಂದಿ ಒರೆಸಿ, ಮೊಬೈಲಿನ ಟಾರ್ಚು ಹಾಕಿ ಅಂಗಾಲು ನೋಡುತ್ತಿದ್ದೆ. ಗೀರಿದೆಯಾ, ಕೆಂಪಿದೆಯಾ, ಒಡೆದಿದೆಯಾ. ಅವರು ಟೀವಿ ನೋಡುತ್ತಾ ಕಾಲನ್ನು ಬೇರೆಯವರದು ಅನ್ನುವ ಹಾಗೆ ನನ್ನ ಮಡಿಲಿಗೆ ಕೊಟ್ಟು ಕೂತಿರುತ್ತಿದ್ದರು. ಆ ಅಂಗಾಲಿನ ಒಂದೊಂದು ಗೆರೆ ನನಗೆ ನನ್ನ ಅಂಗೈಗಿಂತ ಚೆನ್ನಾಗಿ ಗೊತ್ತಿತ್ತು. ಶಿವರಾತ್ರಿ ಕಳೆದರೂ ಅದರ ಮೇಲೆ ಒಂದು ಕಲೆ ಬಿದ್ದಿರಲಿಲ್ಲ. ನಾವು ಗೆದ್ದೆವು ಅಂತಲೇ ನಾನು ತಿಳಿದೆ.

ಬೇಸಿಗೆ ಬಂತು. ಆ ಸಲದ ಬಿಸಿಲು ಮಾರ್ಚಿಗೇ ಏಪ್ರಿಲಿನ ಹಾಗಿತ್ತು. ನಾಲೆ ನಿಂತಿತ್ತು, ಬೋರಿನ ನೀರಲ್ಲಿ ಹುಲ್ಲು ಉಳಿಸಿಕೊಂಡಿದ್ದೆವು. ಕೆ.ಆರ್.ಪೇಟೆಯ ಒಂದು ಹೊಸ ಕಾಲೇಜಿನವರು ಮೈದಾನಕ್ಕೆ ಲಾನು ಬೇಕು, ಯುಗಾದಿಯೊಳಗೆ ಕೊಡಿ ಅಂದಿದ್ದರು. ಎಬ್ಬಿಸುವ ಮೊದಲು ಇಡೀ ಗದ್ದೆಯನ್ನು ಗಿಡ್ಡಕ್ಕೆ ಕುಯ್ಯಬೇಕು. ಆ ವಾರ ಗಾಡಿ ತೊಳೆಯುವಾಗ ನಮ್ಮನೆಯವರಿಗೆ ಕಂಡಿದ್ದು ಏನೆಂದರೆ, ಕಾಲಿಡುವ ಜಾಗದ ರಬ್ಬರಿನ ಕೆಳಗೆ ಹಸಿ ಹುಲ್ಲು ಸೇರಿ ಕೊಳೆತು, ತಗಡಿಗೆ ತುಕ್ಕು ಹತ್ತಲು ಶುರುವಾಗಿತ್ತು. ಹೊಸ ಗಾಡಿಗೆ ತುಕ್ಕು ಅಂದರೆ ಅವರಿಗೆ ತಡೆಯಲಾಗುತ್ತದೆಯೇ? ರಬ್ಬರನ್ನು ಕಿತ್ತು ತೊಳೆದು ಗೋಡೆಗೆ ಒಣಹಾಕಿದರು. ತಗಡನ್ನು ಉಜ್ಜಿ ಕಪ್ಪು ಬಣ್ಣ ಬಳಿದರು. ಬೇಸಿಗೆ ಮುಗಿಯುವವರೆಗೂ ರಬ್ಬರ್ ಬೇಡ, ಗಾಳಿಯಾಡಲಿ ಅಂದರು.

ಮಾರನೇ ದಿನ ಬೆಳಗಿನಿಂದ ಕುಯ್ಯುತ್ತಿದ್ದರು. ಮಧ್ಯಾಹ್ನ ಊಟ ತೆಗೆದುಕೊಂಡು ಹೋದೆ. ಗಾಡಿಯನ್ನು ಹೊಂಗೆಮರದ ನೆರಳಿಗೆ ತಂದು ನಿಲ್ಲಿಸಿದರು. ಇಳಿಯಲಿಲ್ಲ, ಹತ್ತಿ ಇಳಿಯುವುದು ಅವರಿಗೆ ಕಷ್ಟ, ಕೂತಲ್ಲೇ ಮಜ್ಜಿಗೆ ಕುಡಿಯುತ್ತಿದ್ದರು. ಅಷ್ಟರಲ್ಲಿ ಕೆಂಪರಾಜುವಿನ ಫೋನು.

“ಅಣ್ಣ, ಏನಣ್ಣ ಬಿಸ್ಲು. ಕಾಲಿಡೋ ಪ್ಲೇಟು ಕಾದ ಕಾವ್ಲಿ ಆಗದೆ ಕಣಣ್ಣ. ರಬ್ಬರ್ ಇದ್ರೂ ಅಂಚಲ್ಲಿ ತಾಕ್ಬುಟ್ರೆ ಚುರ್ ಅಂತದೆ. ನಾನು ಗೋಣಿತಾಟು ನೆನ್ಸಿ ಆಕ್ಕಂಡಿವ್ನಿ. ನೀನೆಂಗ್ ಮಾಡ್ತಿದ್ದೀಯ?”

ನಮ್ಮನೆಯವರು ಮಜ್ಜಿಗೆಯ ಲೋಟ ತೊಡೆಯ ಮೇಲಿಟ್ಟುಕೊಂಡು ಗತ್ತಿನಿಂದ ಅಂದರು, “ನಿನ್ ಗಾಡಿನೇ ಸರಿಯಿಲ್ಲ ಕಣ್ಲಾ. ನಂದ್ರಲ್ಲಿ ರಬ್ಬರೂ ಇಲ್ಲ, ಏನೂ ಇಲ್ಲ. ಬೆಳಿಗ್ಗೆಯಿಂದ ಕುಂತಿವ್ನಿ, ತಣ್ಣಗೈತೆ.”

ಕೆಂಪರಾಜು ಆ ಕಡೆ ನಗುತ್ತಿದ್ದ, ಅದೃಷ್ಟವಂತ ನೀನು ಅನ್ನುತ್ತಿದ್ದ. ನಾನು ಮುದ್ದೆಯ ಡಬ್ಬಿ ಬಿಚ್ಚುತ್ತಿದ್ದವಳು ನಿಲ್ಲಿಸಿದೆ. ತಣ್ಣಗೈತೆ ಅಂದರಲ್ಲ. ಹತ್ತಿರ ಹೋಗಿ ಅವರ ಪಾದದ ಪಕ್ಕ ತಗಡಿನ ಮೇಲೆ ಅಂಗೈ ಇಟ್ಟೆ. ನೆರಳಿಗೆ ಬಂದು ಅಷ್ಟು ಹೊತ್ತಾಗಿತ್ತು, ಆದರೂ ಕೈ ಇಟ್ಟ ತಕ್ಷಣ ಎಳೆದುಕೊಂಡೆ.

“ಕಾಲೆತ್ತಿ” ಅಂದೆ.

“ಯಾಕಮ್ಮಿ?”

“ಎತ್ತಿ ಅಂದ್ರೆ ಎತ್ತಿ.”

ಪಾದ ತಗಡಿಗೆ ಸ್ವಲ್ಪ ಅಂಟಿಕೊಂಡು ಎದ್ದಿತು. ನಾನು ಹಿಮ್ಮಡಿ ಹಿಡಿದು ತಿರುಗಿಸಿ ನೋಡಿದೆ. ಬೆರಳಿನ ಬುಡದಿಂದ ಹಿಮ್ಮಡಿಯವರೆಗೆ ಚರ್ಮ ಹಪ್ಪಳದ ಹಾಗೆ ಉಬ್ಬಿತ್ತು. ಒಂದು ಕಡೆ ಒಡೆದು ಒಳಗಿನ ಕೆಂಪು ಕಾಣುತ್ತಿತ್ತು. ಅವರು ನನ್ನ ಮುಖ ನೋಡುತ್ತಿದ್ದರು. ಅವರ ಕಾಲಿಗೆ ಏನಾಗಿದೆ ಅಂತ ಅವರು ನನ್ನ ಮುಖದಲ್ಲಿ ಓದಬೇಕಾಗಿತ್ತು, ಬೇರೆ ದಾರಿ ಇರಲಿಲ್ಲ. “ಏನಾಗದೆ ಏಳಮ್ಮಿ” ಅಂದರು. ತಮ್ಮ ಅಂಗಾಲು ತಮಗೇ ಕಾಣುವ ಹಾಗೆ ಬಗ್ಗಲು ಅವರಿಗೆ ಆಗುತ್ತಿರಲಿಲ್ಲ. ನಾನು ಅವರ ಫೋನನ್ನೇ ತೆಗೆದುಕೊಂಡು ಒಂದು ಫೋಟೋ ಹಿಡಿದು ಕೈಗೆ ಕೊಟ್ಟೆ.

ತುಂಬ ಹೊತ್ತು ನೋಡಿದರು. “ಇದು ನಂದಾ?” ಅಂದರು.

ಫೋನು ಕಟ್ಟಾಗಿರಲಿಲ್ಲ. ಕೆಂಪರಾಜು, ಅಣ್ಣ, ಅಣ್ಣ ಅಂತ ಕೂಗುತ್ತಲೇ ಇದ್ದ. ಆಮೇಲೆ ಅವನೇ ಶ್ರೀರಂಗಪಟ್ಟಣದ ತನ್ನ ಸ್ನೇಹಿತನೊಬ್ಬನಿಗೆ ಹೇಳಿ ಕಾರು ಕಳಿಸಿದ. ನಾವು ಮೈಸೂರು ಮುಟ್ಟುವ ಹೊತ್ತಿಗೆ ನಾಗಮಂಗಲದಿಂದ ಬೈಕಿನಲ್ಲಿ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. ನಾನು ಅವನನ್ನು ನೋಡಿದ್ದು ಅದೇ ಮೊದಲು. ಎತ್ತರದ ಆಳು, ಅಳುತ್ತಿದ್ದ. “ನೆನ್ನೆನೇ ಫೋನ್ ಮಾಡ್ಬೇಕು ಅನ್ಕಂಡಿದ್ದೆ ಅಕ್ಕ, ಮಾಡ್ನಿಲ್ಲ” ಅಂದ. ಅವನದೇನು ತಪ್ಪು? ಆದರೆ ಆ ದಿನ ಎಲ್ಲರೂ ತಮ್ಮದೊಂದು ತಪ್ಪು ಹುಡುಕಿಕೊಂಡು ಹಿಡಿದಿದ್ದರು.

ಅದೇ ಡಾಕ್ಟರಮ್ಮ. ಕಾಲು ನೋಡಿ, ಚಪ್ಪಲಿ ಹಾಕಿರಲಿಲ್ಲವೇ ಅಂತ ಕೇಳಿದರು. ಗಾಡಿಯ ಮೇಲೆ ಹಾಕುವುದಿಲ್ಲ ಮೇಡಂ ಅಂದೆ. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನಮ್ಮ ಮನೆಯಲ್ಲೂ ಹೊಸ ಕಾರು ತಂದಾಗ ಹಾಗೇ ಮಾಡಿದ್ವಿ” ಅಂದರು. ನನಗೆ ಅವತ್ತು ದೇವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಕುಡಿದು ಕಾಲು ಕಳೆದುಕೊಂಡವರಿದ್ದಾರೆ, ಮೈಮರೆತು ಕಳೆದುಕೊಂಡವರಿದ್ದಾರೆ. ಇವರು ಮರ್ಯಾದೆ ಕೊಟ್ಟು ಕಳೆದುಕೊಳ್ಳಬೇಕಾಗಿತ್ತಾ?

ಆದರೆ ಅವತ್ತೇ ಕಳೆದುಕೊಳ್ಳಲಿಲ್ಲ. ಉಳಿಸಬಹುದು, ನೋಡೋಣ ಅಂದರು. ಯುಗಾದಿ ಆಸ್ಪತ್ರೆಯಲ್ಲೇ ಆಯಿತು. ಬೇವುಬೆಲ್ಲವನ್ನು ಪಕ್ಕದ ಹಾಸಿಗೆಯವರು ಕೊಟ್ಟರು, ಇವರು ಬೇವನ್ನಷ್ಟೇ ತಿಂದರು. ಆಮೇಲೆ ಮನೆ, ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಬಟ್ಟೆ ಬಿಚ್ಚಿದಾಗಲೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮುಖವನ್ನು ಗೋಡೆಯ ಹಾಗೆ ಇಟ್ಟುಕೊಳ್ಳುವುದನ್ನು ಕಲಿತೆ. ಗುಲಾಬಿ ಬಣ್ಣದ ಹೊಸ ಮಾಂಸ ಅಂಚಿನಿಂದ ಬರುತ್ತಿದೆ ಅಂತ ನರ್ಸು ಹೇಳಿದ ದಿನ ಶ್ರೀರಂಗಪಟ್ಟಣದಲ್ಲಿ ಇಳಿದು ರಂಗನಾಥನಿಗೆ ಒಂದು ದೀಪ ಹಚ್ಚಿ ಬಂದೆ. ಸಿಟ್ಟು ಇತ್ತು, ದೀಪವನ್ನೂ ಹಚ್ಚಿದೆ. ಎರಡೂ ನನ್ನಿಂದಾದವೇ.

ಗಾಡಿ ಹೊಂಗೆಮರದ ಕೆಳಗೇ ನಿಂತಿತ್ತು. ಕಾಲೇಜಿನವರಿಗೆ ಕೊಡಬೇಕಾದ ಲಾನನ್ನು ಕೆಂಪರಾಜು ತನ್ನ ಕೆಲಸ ಬಿಟ್ಟು ಬಂದು ಕುಯ್ದು ಎಬ್ಬಿಸಿ ಕಳಿಸಿದ. ಅದು ಮುಗಿದ ದಿನ ನಾನು ಅವನಿಗೆ ಹೇಳಿದೆ, ಇದನ್ನು ನೀನೇ ತೆಗೆದುಕೊಂಡು ಹೋಗು, ಮಾರು, ಗುಜರಿಗೆ ಹಾಕು, ನನ್ನ ಕಣ್ಣ ಮುಂದೆ ಬೇಡ ಅಂತ. ಅವನು ಮಿನಿಲಾರಿಯನ್ನೂ ತಂದ. ಒಳಗಿನಿಂದ ಅದರ ಸದ್ದು ಕೇಳಿದ ನಮ್ಮನೆಯವರು ಕೂಗಿದರು. “ಅದು ಓದ್ರೆ ನಾನು ಯಾತುಕ್ಕೆ ವಾಸಿಯಾಗ್ಲಿ?” ಅಂದರು. ಕೆಂಪರಾಜು ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಲಾರಿ ಖಾಲಿ ಹೋಯಿತು.

ಮೇ ತಿಂಗಳಲ್ಲಿ ಜ್ವರ ಬಂತು. ಸುಟ್ಟ ಗಾಯ ಮೇಲೆ ಮಾಗಿತ್ತು, ಒಳಗೆ ಕೀವು ಎಲುಬಿಗೆ ಇಳಿದಿತ್ತು. ಈ ಸಲ ಡಾಕ್ಟರಮ್ಮ ಕೂರಿಸಿಕೊಂಡು ಮಾತಾಡಲಿಲ್ಲ, ನಿಂತುಕೊಂಡೇ ಹೇಳಿದರು. ತೆಗೆಯದಿದ್ದರೆ ಮನುಷ್ಯ ಉಳಿಯುವುದಿಲ್ಲ. ನಮ್ಮನೆಯವರು ಕೈ ಚಾಚಿದರು, ಹೆಬ್ಬೆಟ್ಟು ಬೇಕಾ ಸೈನು ಬೇಕಾ ಅಂತ ಕೇಳಿದರು. ಸೈನು ಹಾಕಿದರು. ಆಪರೇಷನ್ನಿಗೆ ತಳ್ಳಿಕೊಂಡು ಹೋಗುವಾಗ ನನ್ನ ಕೈ ಹಿಡಿದು, “ಮೂಟೆ ಮಾಡ್ಬುಟ್ಟೆ ಕಣಮ್ಮಿ ನಿಂಗೆ” ಅಂದರು. ನಾನು ಅತ್ತುಬಿಟ್ಟೆ. ಅಷ್ಟು ದಿನ ತಡೆದಿದ್ದನ್ನೆಲ್ಲ ಆ ಬಾಗಿಲ ಮುಂದೆ, ಅವರ ಕಣ್ಣೆದುರಿಗೇ ಅತ್ತೆ.

ಮನೆಗೆ ಬಂದಾಗ ಮುಂಗಾರು ಹಿಡಿದಿತ್ತು. ಗಾಲಿಕುರ್ಚಿಯನ್ನು ಒಳಗೆ ತಳ್ಳಲು ಹೊಸ್ತಿಲು ಅಡ್ಡ ಬಂತು. ಅವರನ್ನು ಇಬ್ಬರು ನೆರೆಯವರು ಎತ್ತಿ ಒಳಗೆ ಇಟ್ಟರು. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಅವತ್ತಿನಿಂದ ಜಗಲಿಗೂ ಬರಲಿಲ್ಲ. ರಸ್ತೆಯಲ್ಲಿ ಟ್ರಾಕ್ಟರು ಹೋದರೆ ಯಾರದು ಅಂತ ಹೇಳಲಿಲ್ಲ. ಉಣ್ಣು ಅಂದರೆ ಉಂಡರು, ಮಲಗು ಅಂದರೆ ಮಲಗಿದರು. ಎದುರು ಮಾತಾಡದ ಬೋರೇಗೌಡನ ಜೊತೆ ಹೇಗೆ ಬದುಕುವುದು ಅಂತ ನನಗೆ ತಿಳಿಯಲಿಲ್ಲ.

ಮಳೆಗೆ ಹುಲ್ಲು ಹುಚ್ಚೆದ್ದು ಬೆಳೆಯಿತು. ಲಾನು ಎಬ್ಬಿಸಿ ಕೊಟ್ಟ ಗದ್ದೆ ಬಿಟ್ಟು ಉಳಿದ ಎಲ್ಲದರಲ್ಲೂ ಮಂಡಿಯುದ್ದ. ಇನ್ನೊಂದು ವಾರ ಬಿಟ್ಟರೆ ಅದು ಲಾನಲ್ಲ, ದನದ ಮೇವು. ಕೆಂಪರಾಜುವಿಗೆ ಅವನ ಕಡೆಯೂ ಮಳೆ, ಅವನ ಕಡೆಯೂ ಹುಲ್ಲು, ಎಷ್ಟು ಸಲ ಬರಲು ಸಾಧ್ಯ? ಒಂದು ದಿನ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಿತ್ತು. ನಾನು ನಮ್ಮನೆಯವರ ಮುಂದೆ ನಿಂತು, ಗಾಡಿ ಓಡಿಸುವುದು ಹೇಳಿಕೊಡಿ ಅಂದೆ. ಅವರು ಮೊದಲು ಕೇಳಿಸದ ಹಾಗೆ ಇದ್ದರು. ಇನ್ನೊಂದು ಸಲ ಅಂದೆ. ಇಲ್ಲದಿದ್ದರೆ ಸುಮ್ಮನೆ ಹತ್ತಿ ನಾಲೆಗೆ ಬಿಟ್ಟುಕೊಳ್ಳುತ್ತೇನೆ ಅಂದೆ.

“ನಾಲೆಗ್ ಬುಟ್ರೆ ಗಾಡಿ ಆಳಾಯ್ತದೆ” ಅಂದರು.

ಅದು ವಾರಗಳ ಮೇಲೆ ಅವರ ಬಾಯಿಂದ ಬಂದ ಎದುರು ಮಾತು. ಗಾಲಿಕುರ್ಚಿಯನ್ನು ಗದ್ದೆಯ ದಾರಿಯಲ್ಲಿ ತಳ್ಳಿಕೊಂಡು ಹೋದೆ. ಕೆಸರು ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತಿತ್ತು, ನಿಂತು ನಿಂತು ತಳ್ಳಿದೆ. ಹೊಂಗೆಮರದ ಕೆಳಗೆ ಗಾಡಿಯ ಮೇಲೆ ಎಲೆ ಉದುರಿತ್ತು. ಟಾರ್ಪಾಲು ತೆಗೆದು, ಎಲೆ ಗುಡಿಸಿ, ಅವರು ಹೇಳಿದ ಹಾಗೆ ಡೀಸೆಲ್ ನೋಡಿದೆ, ಆಯಿಲ್ ನೋಡಿದೆ, ಜಾಲರಿ ಬ್ರಶ್ ಮಾಡಿದೆ. ಎರಡು ಕೈಯೂ ಒಂದೇ ಸಮ ತಳ್ಳಬೇಕು, ಹೆದರಿದರೆ ಕೈ ಬಿಡಬೇಡ, ಮೆಲ್ಲಗೆ ನಡುವಿಗೆ ತಾ, ತಾನೇ ನಿಲ್ಲುತ್ತದೆ ಅಂದರು. ಎಂಜಿನ್ನಿನ ಮಾತು ಬಂದಾಗ ಅವರ ದನಿ ಮೊದಲಿನ ದನಿಯ ಹತ್ತಿರ ಬಂದಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಡಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಹತ್ತಲು ಕಂಬಿ ಹಿಡಿದೆ.

“ಭಾಗ್ಯ” ಅಂದರು. ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ತಿರುಗಿದೆ. ಅವರು ನನ್ನ ಕಾಲ ಹತ್ತಿರ ಕೈ ತೋರಿಸುತ್ತಿದ್ದರು. ಬಗ್ಗಿ ನೋಡಿದರೆ ನನ್ನ ಚಪ್ಪಲಿ ಚಕ್ರದ ಪಕ್ಕದಲ್ಲಿತ್ತು. ಯಾವಾಗ ಬಿಟ್ಟೆನೋ ನನಗೇ ಗೊತ್ತಿಲ್ಲ. ಅಷ್ಟೆಲ್ಲ ಆದ ಮೇಲೂ, ದೇವರನ್ನು ಅಷ್ಟು ಬೈದ ಮೇಲೂ, ನನ್ನ ಕಾಲು ತಾನಾಗಿ ಬಿಟ್ಟಿತ್ತು.

“ಚಪ್ಲಿ ಆಕ್ಕಂಡು ಅತ್ತು” ಅಂದರು.

“ದೇವ್ರು ಕಣ್ರೀ” ಅಂದುಬಿಟ್ಟೆ.

“ದೇವ್ರಲ್ಲ ಕಣಮ್ಮಿ. ಮಿಷನ್ನು.”

ನಾನು ಚಪ್ಪಲಿ ಮೆಟ್ಟಿಕೊಂಡೆ. ಕೆಸರು ಮೆತ್ತಿದ ಚಪ್ಪಲಿಯ ಕಾಲನ್ನು ಆ ತಗಡಿನ ಮೇಲೆ ಇಟ್ಟು ಹತ್ತಿ ಕೂತೆ. ಅವರು ಗಾಲಿಕುರ್ಚಿಯನ್ನು ತಾವೇ ಕೈಯಲ್ಲಿ ತಿರುಗಿಸಿಕೊಂಡು ಬೆನ್ನು ಮಾಡಿದರು. ಎಂಜಿನ್ನು ಶುರುವಾಗಿ, ಮೊದಲ ಪಟ್ಟೆ ಕುಯ್ದು ನಾನು ವಾಪಸ್ ಬರುವವರೆಗೂ ಅವರು ಈ ಕಡೆ ತಿರುಗಲಿಲ್ಲ.